ದೇವನಹಳ್ಳಿಯಿಂದ ಹೊರದೇಶಕ್ಕೆ ಹೊರಡುವವರು ತಿಳಿದಿರಬೇಕಾದದ್ದು

ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಎಲ್ಲರೂ ಬೆಂಗಳೂರಿನದೆಂದೇ ಹೇಳುತ್ತಾರೆ. ದೂರದ ಲೆಕ್ಕ ಹಿಡಿದರೆ ಅದು ಜಯನಗರದವರಿಗಿಂತ ಚಿಕ್ಕಬಳ್ಳಾಪುರದವರಿಗೆ ಹತ್ತಿರ. 2008ರ ಮೇ ತಿಂಗಳಲ್ಲಿ ಅದು ಆರಂಭವಾದ ಮೇಲೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳ ಸಣ್ಣ ಊರುಗಳಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು, ಕೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗುವ ಯುವಕರು, ಉಮ್ರಾ ಯಾತ್ರೆಯ ಹಿರಿಯರು, ಓದಲು ಹೋಗುವ ವಿದ್ಯಾರ್ಥಿಗಳು ಎಲ್ಲರೂ ಇದೇ ಬಾಗಿಲನ್ನು ದಾಟುತ್ತಿದ್ದಾರೆ. ಇವರಲ್ಲಿ ಅನೇಕರು ಮೊದಲ ಬಾರಿಗೆ ವಿಮಾನ ಹತ್ತುವವರು. ವಿಮಾನಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು ಕೌಂಟರುಗಳು: ಯಾರು ಏನು ಕೇಳುತ್ತಾರೋ, ಯಾವ ಕಾಗದ ಇಲ್ಲವೆಂದು ನಿಲ್ಲಿಸುತ್ತಾರೋ, ಕಟ್ಟಿದ ಬ್ಯಾಗನ್ನು ಎಲ್ಲರೆದುರು ಬಿಚ್ಚಿಸುತ್ತಾರೋ ಎಂಬ ಆತಂಕ. ನಿಲ್ದಾಣದಲ್ಲಿ ಎದುರಾಗುವ ತೊಂದರೆಗಳ ಮೂಲ ಹೆಚ್ಚಾಗಿ ಮನೆಯಲ್ಲೇ ಇರುತ್ತದೆ, ಟಿಕೆಟ್‌ಗೆ ಕೊಟ್ಟ ಹೆಸರಿನಲ್ಲಿ ಮತ್ತು ಆತುರದಲ್ಲಿ ತುಂಬಿದ ಬ್ಯಾಗಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮನೆಯಿಂದಲೇ ಆರಂಭಿಸುತ್ತೇನೆ.

ಹೆಸರು ಮತ್ತು ಕಾಗದಪತ್ರ

ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಊರಿನ ಹೆಸರು ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿ ಉಳಿದಿರುತ್ತವೆ. ಒಬ್ಬನೇ ವ್ಯಕ್ತಿ ಶಾಲೆಯ ದಾಖಲೆಯಲ್ಲಿ ‘ವಿ. ಎನ್. ಮುನಿರಾಜು’, ಆಧಾರ್‌ನಲ್ಲಿ ‘ಮುನಿರಾಜು ವಿ ಎನ್’, ಪಾಸ್‌ಪೋರ್ಟ್‌ನಲ್ಲಿ ಬರೀ ‘ಮುನಿರಾಜು’ ಆಗಿರುವುದು ಇಲ್ಲಿ ಸಾಮಾನ್ಯ. ಊರೊಳಗೆ ಇದರಿಂದ ಯಾವ ಅಡಚಣೆಯೂ ಇಲ್ಲ. ಆದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಈ ಮೂರರಲ್ಲಿಯೂ ಹೆಸರು ಒಂದಕ್ಕೊಂದು ಹೊಂದಬೇಕು. ಟಿಕೆಟ್ ಮಾಡಿಸುವಾಗ ಹೆಸರನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ. ಪಾಸ್‌ಪೋರ್ಟ್‌ನ ಮೊದಲ ಪುಟದ ಚಿತ್ರ ಕಳಿಸಿ, ಟಿಕೆಟ್ ಕೈಗೆ ಬಂದ ತಕ್ಷಣ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಬೇಕು, ಏಕೆಂದರೆ ಪ್ರಯಾಣದ ದಿನ ಚೆಕ್‌-ಇನ್ ಕೌಂಟರಿನಲ್ಲಿ ಕುಳಿತವರಿಗೆ ಹೆಸರು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ.

ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ (ಸರ್‌ನೇಮ್) ಜಾಗ ಖಾಲಿ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಅಂಥವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ತಿಳಿಸಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ವಿನಾಯಿತಿ ಉಂಟು. ದುಬೈ, ಅಬುಧಾಬಿಗೆ ಹೋಗುವವರು ಇದನ್ನು ವೀಸಾಕ್ಕೆ ಮೊದಲೇ ವಿಮಾನ ಕಂಪನಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರಿಗಂತೂ ನನ್ನ ಸಲಹೆ ಒಂದೇ: ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಸಿ, ಎರಡೂ ಜಾಗ ತುಂಬಿಸಿ. ಮುಂದಿನ ಹಲವು ವರ್ಷಗಳ ತೊಡಕು ಅಲ್ಲಿಗೇ ಕಳೆಯುತ್ತದೆ.

ಪಾಸ್‌ಪೋರ್ಟ್‌ನ ಅವಧಿ ಮುಗಿಯಲು ಕನಿಷ್ಠ ಆರು ತಿಂಗಳಾದರೂ ಬಾಕಿ ಇರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಟಿಕೆಟ್‌ಗೆ ಹಣ ಕಟ್ಟುವ ಮುಂಚೆ ನೋಡಬೇಕಾದ ಮೊದಲ ಸಂಗತಿ ಇದು.

ಕೆಲಸಕ್ಕೆಂದು ಹೋಗುವವರಿಗೆ ಇನ್ನೊಂದು ಮುಖ್ಯ ವಿಷಯವಿದೆ. ಎಸ್ಸೆಸ್ಸೆಲ್ಸಿ ಪಾಸಾಗದ ಅನೇಕರ ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂಬ ಮುದ್ರೆ ಇರುತ್ತದೆ. ಅಂಥವರು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಮೊದಲಾದ ಪಟ್ಟಿ ಮಾಡಿದ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಇದನ್ನು ಇ-ಮೈಗ್ರೇಟ್ ಜಾಲತಾಣದ ಮೂಲಕ ಪಡೆಯುತ್ತಾರೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ವಿಮೆಯೂ ಆಗಬೇಕು. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ’ ಎಂದು ಏಜೆಂಟ್ ಹೇಳಿದರೆ ಅಲ್ಲಿಯೇ ನಿಲ್ಲಿಸಿ. ಅದರಿಂದ ಇಲ್ಲಿನ ಇಮಿಗ್ರೇಷನ್ ಕೌಂಟರಿನಲ್ಲಿ ತಡೆ ಬೀಳಬಹುದು. ತಡೆ ಬೀಳದೆ ದಾಟಿದರೆ ಮುಂದಿನ ಕಷ್ಟ ಇನ್ನೂ ದೊಡ್ಡದು. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲೂ ಕೈಯಲ್ಲಿ ಆಧಾರವಿರುವುದಿಲ್ಲ. ನೋಂದಾಯಿತ ಏಜೆಂಟರ ಪಟ್ಟಿ ಅದೇ ಜಾಲತಾಣದಲ್ಲಿದೆ, ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಹಳ್ಳಿಯ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆಂದು ಕಳಿಸುವಾಗ ಮನೆಯವರು ಈ ಪಟ್ಟಿಯನ್ನು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು.

ಎಲ್ಲ ಕಾಗದಗಳನ್ನು ಒಂದು ಪಾರದರ್ಶಕ ಫೋಲ್ಡರಿನಲ್ಲಿಟ್ಟು ಕೈಚೀಲದಲ್ಲೇ ಇರಿಸಿಕೊಳ್ಳಿ: ಪಾಸ್‌ಪೋರ್ಟ್, ವೀಸಾ, ಟಿಕೆಟ್‌ನ ಮುದ್ರಿತ ಪ್ರತಿ, ಹೋಗುವ ವಿಳಾಸ, ಕರೆದೊಯ್ಯುವವರ ಫೋನ್ ನಂಬರ್, ಪ್ರಯಾಣ ವಿಮೆ, ವೈದ್ಯರ ಚೀಟಿ. ಫೋನಿನ ಬ್ಯಾಟರಿ ಮುಗಿದರೆ ಫೋನಿನೊಳಗಿನ ಟಿಕೆಟ್‌ನಿಂದ ಉಪಯೋಗವಿಲ್ಲ, ಹಾಗಾಗಿ ಕಾಗದದ ಪ್ರತಿ ಇರಲೇಬೇಕು. ಒಂದು ಜೆರಾಕ್ಸ್ ಸೆಟ್ ಮನೆಯಲ್ಲೂ ಇರಲಿ.

ಬ್ಯಾಗ್ ತುಂಬುವುದು

ವಿಮಾನ ಕಂಪನಿಗಳು ಲಗೇಜನ್ನು ಎರಡು ಬಗೆಯಾಗಿ ನೋಡುತ್ತವೆ. ನಮ್ಮೊಡನೆ ಒಳಗೆ ಬರುವ ಕೈಚೀಲ ಸಾಮಾನ್ಯವಾಗಿ 7 ಕಿಲೋ ಮೀರಬಾರದು. ವಿಮಾನದ ಹೊಟ್ಟೆಗೆ ಹೋಗುವ ಚೆಕ್‌-ಇನ್ ಬ್ಯಾಗಿನ ಮಿತಿ ಟಿಕೆಟ್‌ನ ಮೇಲೆಯೇ ಬರೆದಿರುತ್ತದೆ. ಕೆಲವರಿಗೆ ಒಟ್ಟು ತೂಕದ ಲೆಕ್ಕ, ಕೆಲವರಿಗೆ ತಲಾ 23 ಕಿಲೋದ ಇಂತಿಷ್ಟು ಬ್ಯಾಗ್ ಎಂಬ ಲೆಕ್ಕ. ಒಟ್ಟು ಮಿತಿ ಎಷ್ಟೇ ಇದ್ದರೂ ಒಂದೇ ಬ್ಯಾಗ್ 32 ಕಿಲೋ ದಾಟಬಾರದು, ಏಕೆಂದರೆ ಅದನ್ನು ಎತ್ತಿಹಾಕುವುದು ಮನುಷ್ಯರೇ. ಊರಿನ ದಿನಸಿ ಅಂಗಡಿಯಲ್ಲಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ. ಹಿಂದಿನ ದಿನ ಬ್ಯಾಗನ್ನು ಅಲ್ಲಿಟ್ಟು ತೂಗಿಸಿ, ಒಂದು ಕಿಲೋ ಕಡಿಮೆಯೇ ಇರಲಿ. ಕೌಂಟರಿನ ಮುಂದೆ ಬ್ಯಾಗ್ ಬಿಚ್ಚಿ ಸೀರೆಗಳನ್ನು ಅತ್ತಿಂದಿತ್ತ ವರ್ಗಾಯಿಸುವ ಸಂಕಟ ಯಾರಿಗೂ ಬೇಡ.

ಈಗ ಬಾಣಂತನಕ್ಕೆ ಹೊರಟ ತಾಯಿಯೊಬ್ಬರ ಬ್ಯಾಗನ್ನು ನೋಡೋಣ. ಅದರೊಳಗೆ ಏನಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಡಬ್ಬಿಯಲ್ಲಿ ತುಪ್ಪ, ಉಪ್ಪಿನಕಾಯಿ, ಸಾರಿನ ಪುಡಿ, ರಾಗಿ ಹಿಟ್ಟು, ಅಂಟಿನುಂಡೆ, ತಿಪಟೂರಿನ ಉಂಡೆ ಕೊಬ್ಬರಿ, ಮಗುವಿನ ನಾಮಕರಣಕ್ಕೆಂದು ಅರಿಶಿನ, ಕುಂಕುಮ, ಕರ್ಪೂರ, ಬೆಂಕಿಪೊಟ್ಟಣ. ಇದರಲ್ಲಿ ಕೆಲವು ಕೈಚೀಲಕ್ಕೆ ಸಲ್ಲವು, ಕೆಲವು ಯಾವ ಬ್ಯಾಗಿಗೂ ಸಲ್ಲವು.

ಕೊಬ್ಬರಿಯಿಂದ ಆರಂಭಿಸುವುದು ಸರಿ, ಏಕೆಂದರೆ ತುಮಕೂರು ಜಿಲ್ಲೆಯವರು ಪ್ರೀತಿಯಿಂದ ಒಯ್ಯುವುದೂ ಅದನ್ನೇ, ಕಳೆದುಕೊಳ್ಳುವುದೂ ಅದನ್ನೇ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಗಾಳಿಯಾಡದ ಜಾಗದಲ್ಲಿ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಖ್ಯೆಯೇ ಇದೆ. ಆದ್ದರಿಂದ ಇಡೀ ಕೊಬ್ಬರಿಯನ್ನು ಕೈಚೀಲದಲ್ಲೂ ಚೆಕ್‌-ಇನ್ ಬ್ಯಾಗಿನಲ್ಲೂ ಒಯ್ಯಬಾರದು. ಸ್ಕ್ಯಾನರ್‌ನಲ್ಲಿ ಅದರ ದುಂಡು ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಬಟ್ಟೆಯಲ್ಲಿ ಸುತ್ತಿದರೂ ಉಪಯೋಗವಿಲ್ಲ. ಬ್ಯಾಗಿನ ಒಡೆಯರನ್ನು ಕರೆಸಿ ತೆಗೆಸುತ್ತಾರೆ, ಅಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಕರ್ಪೂರ, ಬೆಂಕಿಪೊಟ್ಟಣ, ಲೈಟರ್ ಇವುಗಳನ್ನೂ ಚೆಕ್‌-ಇನ್ ಬ್ಯಾಗಿಗೆ ಹಾಕಬಾರದು. ಇವನ್ನು ಮನೆಯಲ್ಲೇ ಬಿಡಿ. ಹೋಗುವ ಊರಿನ ಭಾರತೀಯ ಅಂಗಡಿಯಲ್ಲಿ ಕೊಬ್ಬರಿಯೂ ಕರ್ಪೂರವೂ ಸಿಗುತ್ತವೆ.

ತುಪ್ಪ, ಉಪ್ಪಿನಕಾಯಿ, ಎಣ್ಣೆ, ಲೇಹ್ಯ ಇವೆಲ್ಲ ನಿಲ್ದಾಣದ ಲೆಕ್ಕದಲ್ಲಿ ದ್ರವಗಳು. ತುಪ್ಪ ಗಟ್ಟಿಯಾಗಿದೆ ಎಂಬ ವಾದ ನಡೆಯುವುದಿಲ್ಲ. ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಚೀಲದೊಳಗಿನ ಯಾವ ದ್ರವದ ಡಬ್ಬಿಯೂ 100 ಮಿಲಿಲೀಟರ್ ಮೀರುವಂತಿಲ್ಲ, ಅಂಥ ಡಬ್ಬಿಗಳೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ತುಪ್ಪವನ್ನು ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಕವರ್‌ಗಳೊಳಗೆ ಕಟ್ಟಿ, ಹಳೆಯ ಟವೆಲಿನಲ್ಲಿ ಸುರುಳಿ ಸುತ್ತಿ ಚೆಕ್‌-ಇನ್ ಬ್ಯಾಗಿನ ನಡುವೆ ಇಡಬೇಕು. ಅಂಚಿಗೆ ಇಟ್ಟರೆ ಬ್ಯಾಗ್ ಬಿದ್ದ ಪೆಟ್ಟಿಗೆ ಡಬ್ಬಿ ಒಡೆಯುತ್ತದೆ. ಡಬ್ಬಿಯನ್ನು ಗಂಟಲವರೆಗೆ ತುಂಬಬೇಡಿ, ಎರಡು ಬೆರಳಿನಷ್ಟು ಜಾಗ ಬಿಡಿ. ಖಾರದ ಪುಡಿ, ಸಾರಿನ ಪುಡಿ, ರಾಗಿ ಹಿಟ್ಟು ಇವೂ ಚೆಕ್‌-ಇನ್ ಬ್ಯಾಗಿಗೇ ಸೇರಲಿ, ಪ್ರತಿ ಪೊಟ್ಟಣದ ಮೇಲೆ ಒಳಗಿರುವುದೇನೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ. ತುರಿಮಣೆ, ಚಾಕು, ಕತ್ತರಿಗಳಿಗೂ ಇದೇ ನಿಯಮ.

ಕೊಲ್ಲಿ ದೇಶಗಳಿಗೆ ಹೋಗುವವರು ಗಸಗಸೆಯ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ನಮಗೆ ಅದು ಪಾಯಸದ ಸಾಮಗ್ರಿ. ಯುಎಇ, ಸೌದಿ ಅರೇಬಿಯಾ ಮತ್ತು ಸಿಂಗಾಪುರಗಳಲ್ಲಿ ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ನಿಷಿದ್ಧ ಪದಾರ್ಥ. ಅಲ್ಲಿ ಗಸಗಸೆಯ ಪೊಟ್ಟಣದೊಡನೆ ಸಿಕ್ಕವರು ಮಾದಕವಸ್ತು ಕಾನೂನಿನಡಿ ವಿಚಾರಣೆ ಎದುರಿಸಬೇಕಾಗುತ್ತದೆ. ಪೊಟ್ಟಣವನ್ನಷ್ಟೇ ಬಿಟ್ಟರೆ ಸಾಲದು, ಅಂಟಿನುಂಡೆಯಲ್ಲಿ, ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲಿ ಅದು ಬಿದ್ದಿದೆಯೇ ಎಂದು ಮಾಡಿದವರನ್ನೇ ಕೇಳಿ. ಗೆಳೆಯರಿಗೆಂದು, ಅಕ್ಕಪಕ್ಕದವರ ಮಗನಿಗೆಂದು ಯಾರಾದರೂ ಕಟ್ಟಿದ ಪೊಟ್ಟಣ ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡ ಚೀಲಕ್ಕೆ ಅಲ್ಲಿನ ಕಾನೂನಿನ ಮುಂದೆ ಹೊತ್ತವರೇ ಹೊಣೆ.

ಹಣ್ಣುಗಳ ಮಾತೂ ಇದಕ್ಕೆ ಸೇರಿದೆ. ಶ್ರೀನಿವಾಸಪುರದ ಮಾವು, ಚಿಕ್ಕಬಳ್ಳಾಪುರದ ದ್ರಾಕ್ಷಿ, ಹಿತ್ತಿಲಿನ ಕರಿಬೇವು ಇವುಗಳನ್ನು ಅಮೆರಿಕ, ಆಸ್ಟ್ರೇಲಿಯಾಗಳಿಗೆ ಬ್ಯಾಗಿನಲ್ಲಿ ಒಯ್ಯಲು ಬಿಡುವುದಿಲ್ಲ. ಕೀಟ ಮತ್ತು ಬೆಳೆರೋಗ ತಮ್ಮ ಹೊಲಗಳಿಗೆ ಬರಬಾರದೆಂಬುದು ಅವರ ಕಾರಣ. ಉಳಿದ ತಿನಿಸುಗಳಿದ್ದರೆ ಅಲ್ಲಿನ ಘೋಷಣೆಯಲ್ಲಿ ‘ಆಹಾರ ಪದಾರ್ಥವಿದೆ’ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋಗಬಹುದು, ಮುಚ್ಚಿಟ್ಟು ಸಿಕ್ಕಿದರೆ ದಂಡ ಬೀಳುತ್ತದೆ.

ಪವರ್ ಬ್ಯಾಂಕ್ ಮಾತ್ರ ತುಪ್ಪ, ಚಾಕುಗಳ ನಿಯಮಕ್ಕೆ ತಿರುವುಮುರುವು: ಅದು ಕೈಚೀಲದಲ್ಲೇ ಇರಬೇಕು, ಚೆಕ್‌-ಇನ್ ಬ್ಯಾಗಿನಲ್ಲಿ ಇರಲೇಬಾರದು. 100 ವಾಟ್-ಅವರ್‌ವರೆಗೆ ಅನುಮತಿ ಕೇಳಬೇಕಾಗಿಲ್ಲ. ಮಾರುಕಟ್ಟೆಯ 20,000 ಎಂಎಎಚ್‌ನ ಸಾಮಾನ್ಯ ಪವರ್ ಬ್ಯಾಂಕ್ ಸುಮಾರು 74 ವಾಟ್-ಅವರ್ ಆಗುತ್ತದೆ. ಅಳತೆ ಅಳಿಸಿಹೋದ ಹಳೆಯದನ್ನು ಬಿಟ್ಟುಬಿಡಿ. ದಿನನಿತ್ಯದ ಮಾತ್ರೆಗಳು, ಕನ್ನಡಕ, ಒಂದು ಜೊತೆ ಬಟ್ಟೆ ಇವು ಕೂಡ ಕೈಚೀಲದಲ್ಲೇ ಇರಲಿ. ಮಾತ್ರೆಗಳು ಅಂಗಡಿಯಲ್ಲಿ ಕೊಟ್ಟ ಮೂಲ ಸ್ಟ್ರಿಪ್‌ನಲ್ಲೇ ಇರಬೇಕು, ಜೊತೆಗೆ ವೈದ್ಯರ ಸಹಿಯ ಚೀಟಿ ಬೇಕು. ಬಿಡಿಸಿ ಡಬ್ಬಿಗೆ ಹಾಕಿದ ಮಾತ್ರೆ ಏನೆಂದು ಯಾರಿಗೂ ತೋರಿಸಿ ಹೇಳಲಾಗದು.

ಚಿನ್ನ ಮತ್ತು ಹಣ

ಮೈಮೇಲಿನ ಒಡವೆ ಸ್ವಲ್ಪ ಹೆಚ್ಚಿದ್ದರೆ ಹೋಗುವಾಗಲೇ ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಮದುವೆಗೆಂದು ಹೋಗಿ ಬರುವವರಿಗೆ ಇದು ತುಂಬ ಉಪಯುಕ್ತ. ತಿರುಗಿ ಬರುವಾಗ ಆ ಒಡವೆಯನ್ನು ಹೊರದೇಶದಲ್ಲಿ ಕೊಂಡದ್ದೆಂದು ಯಾರೂ ಸುಂಕ ಕೇಳುವಂತಿಲ್ಲ. ಇದಕ್ಕೆ ಒಡವೆಯ ತೂಕ, ಬೆಲೆಯ ಚೀಟಿ ಮತ್ತು ಚಿತ್ರ ಜೊತೆಯಲ್ಲಿರಲಿ, ಒಂದಿಷ್ಟು ಸಮಯವನ್ನೂ ಹೆಚ್ಚಿಗೆ ಇಟ್ಟುಕೊಳ್ಳಿ. ಭಾರತದ ನೋಟುಗಳನ್ನು 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ. ವಿದೇಶಿ ನೋಟುಗಳನ್ನು ಸಾಮಾನ್ಯವಾಗಿ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ಕೊಡುತ್ತಾರೆ, ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ (ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಹಾಕಿಸಿಕೊಳ್ಳಬಹುದು. ಊರಿನ ಬ್ಯಾಂಕ್ ಅಥವಾ ಅಧಿಕೃತ ವಿನಿಮಯ ಕೇಂದ್ರದಲ್ಲಿ ಮೊದಲೇ ಕೊಂಡರೆ ನಿಲ್ದಾಣದ ಕೌಂಟರಿಗಿಂತ ದರ ಅಗ್ಗವಾಗಿರುತ್ತದೆ.

ದಿನಾಂಕ ಮತ್ತು ದಾರಿ

ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುವ ಅನೇಕ ವಿಮಾನಗಳು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಟಿಕೆಟ್‌ನಲ್ಲಿ 15ನೇ ತಾರೀಖು ಬೆಳಗಿನ 2.30 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ನೇ ತಾರೀಖಿನ ರಾತ್ರಿ. ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ವಿಮಾನದ ತಾರೀಖನ್ನು ಬರೆಯದೆ ಮನೆಯಿಂದ ಹೊರಡುವ ತಾರೀಖು ಮತ್ತು ಗಂಟೆಯನ್ನೇ ದೊಡ್ಡದಾಗಿ ಬರೆದಿಡಿ. ವಿಮಾನ ಹೊರಡುವ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಚೆಕ್‌-ಇನ್ ಕೌಂಟರುಗಳು ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತವೆ, ಮುಚ್ಚಿದ ಮೇಲೆ ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ.

ಚಿಕ್ಕಬಳ್ಳಾಪುರದಿಂದ ಬರುವವರಿಗೆ 44ನೇ ರಾಷ್ಟ್ರೀಯ ಹೆದ್ದಾರಿಯೇ ನೇರ ದಾರಿ. ದೂರ ಕಡಿಮೆಯೆಂದು ಉದಾಸೀನ ಬೇಡ: ಶನಿವಾರ, ಭಾನುವಾರ ನಂದಿಬೆಟ್ಟಕ್ಕೂ ಊರಿನ ಹೊರಗಿನ ಆದಿಯೋಗಿ ಪ್ರತಿಮೆಗೂ ಬಂದ ಬೆಂಗಳೂರಿನ ವಾಹನಗಳು ಸಂಜೆ ಮರಳುವುದು ಇದೇ ಹೆದ್ದಾರಿಯಲ್ಲಿ. ಶಿಡ್ಲಘಟ್ಟ, ಚಿಂತಾಮಣಿಯ ಕಡೆಯವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ದೇವನಹಳ್ಳಿ ಸೇರಬಹುದು. ಕೋಲಾರದವರು ನರಸಾಪುರ ದಾಟಿ ಹೊಸಕೋಟೆಯಿಂದ ದೇವನಹಳ್ಳಿಯ ಕಡೆಗೆ ತಿರುಗಿದರೆ ಕೆ.ಆರ್.ಪುರದ ದಟ್ಟಣೆ ತಪ್ಪುತ್ತದೆ. ತುಮಕೂರಿನವರಿಗೆ ಅನೇಕ ಚಾಲಕರು ಅಭ್ಯಾಸಬಲದಿಂದ ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳದ ದಾರಿ ಹಿಡಿಯುತ್ತಾರೆ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗುವಂತೆ ಹೊರಡುವಾಗಲೇ ಹೇಳಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಸುತ್ತ ಮಂಜು ದಟ್ಟವಾಗಿ ಕವಿಯುತ್ತದೆ, ಆಗ ರಸ್ತೆಯೂ ನಿಧಾನ, ವಿಮಾನವೂ ತಡ.

ಬೀಳ್ಕೊಡಲು ಮನೆಮಂದಿಯೆಲ್ಲ ಬರುವುದು ನಮ್ಮ ಕಡೆಯ ಪ್ರೀತಿಯ ಪದ್ಧತಿ. ಆದರೆ ಟರ್ಮಿನಲ್ ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ, ಬಾಗಿಲಿನ ಮುಂದೆ ವಾಹನ ನಿಲ್ಲಿಸಲೂ ಹೆಚ್ಚು ಹೊತ್ತು ಬಿಡುವುದಿಲ್ಲ. ಪೂಜೆ, ಆರತಿ, ಹಿರಿಯರ ಕಾಲಿಗೆ ನಮಸ್ಕಾರ ಎಲ್ಲವನ್ನೂ ಮನೆಯಲ್ಲೇ ಮುಗಿಸಿ ಇಬ್ಬರು ಮೂವರು ಜೊತೆಗೆ ಬಂದರೆ ಸಾಕು.

ನಿಲ್ದಾಣದೊಳಗೆ

ದೇವನಹಳ್ಳಿಯಲ್ಲಿ ಎರಡು ಟರ್ಮಿನಲ್‌ಗಳಿವೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ಕ್ಕೆ ಬಂದಿವೆ. ಆದರೂ ಟಿಕೆಟ್‌ನಲ್ಲಿ ಬರೆದಿರುವ ಟರ್ಮಿನಲ್ ಸಂಖ್ಯೆಯನ್ನು ಓದಿ ಚಾಲಕನಿಗೆ ಹೇಳಿ. ಬಾಗಿಲಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪಾಸ್‌ಪೋರ್ಟ್ ಮತ್ತು ಟಿಕೆಟ್ ನೋಡುತ್ತಾರೆ. ಡಿಜಿಯಾತ್ರಾ ಎಂಬ ಮುಖ ಗುರುತಿಸುವ ವ್ಯವಸ್ಥೆ ದೇಶದೊಳಗಿನ ಪ್ರಯಾಣಕ್ಕಾಗಿ ಬಂದದ್ದು, ಹೊರದೇಶಕ್ಕೆ ಹೋಗುವವರು ಅದನ್ನು ನೆಚ್ಚಿಕೊಳ್ಳಬಾರದು.

ಒಳಗೆ ಹೋದ ಮೇಲೆ ಕ್ರಮ ಹೀಗಿದೆ: ಮೊದಲು ಚೆಕ್‌-ಇನ್, ಆಮೇಲೆ ಇಮಿಗ್ರೇಷನ್, ಆಮೇಲೆ ಭದ್ರತಾ ತಪಾಸಣೆ, ಕೊನೆಗೆ ಗೇಟ್. ಚೆಕ್‌-ಇನ್ ಕೌಂಟರಿನಲ್ಲಿ ದೊಡ್ಡ ಬ್ಯಾಗುಗಳನ್ನು ಪಡೆದು ಬೋರ್ಡಿಂಗ್ ಪಾಸ್ ಕೊಡುತ್ತಾರೆ. ನಡುವೆ ವಿಮಾನ ಬದಲಿಸುವವರು ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ‘ಎರಡನೆಯ ವಿಮಾನದ ಬೋರ್ಡಿಂಗ್ ಪಾಸ್ ಕೊಟ್ಟಿದ್ದೀರಾ?’ ಮತ್ತು ‘ಬ್ಯಾಗ್ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆಯೇ?’ ಬ್ಯಾಗಿಗೆ ಕಟ್ಟುವ ಚೀಟಿಯ ತುಂಡೊಂದನ್ನು ಕೊಡುತ್ತಾರೆ. ಅದರಲ್ಲಿರುವ ಕೊನೆಯ ಊರಿನ ಹೆಸರನ್ನು ಅಲ್ಲೇ ನಿಂತು ನೋಡಿ, ಪಾಸ್‌ಪೋರ್ಟ್‌ನೊಳಗೆ ಇಟ್ಟುಕೊಳ್ಳಿ. ಈ ಕೌಂಟರುಗಳಲ್ಲಿ ಕನ್ನಡ ಬಲ್ಲವರು ಇರುತ್ತಾರೆ, ಕನ್ನಡದಲ್ಲೇ ಧೈರ್ಯವಾಗಿ ಕೇಳಿ.

ಇಮಿಗ್ರೇಷನ್ ಅಧಿಕಾರಿಗಳ ಪ್ರಶ್ನೆಗಳು ಸರಳ: ಎಲ್ಲಿಗೆ, ಯಾಕೆ, ಎಷ್ಟು ದಿನ, ಯಾರ ಮನೆಗೆ. ನಿಜವನ್ನು ಚಿಕ್ಕದಾಗಿ ಹೇಳಿದರೆ ಸಾಕು. ‘ಮಗಳ ಮನೆಗೆ, ಬಾಣಂತನಕ್ಕೆ, ಆರು ತಿಂಗಳು’ ಎಂಬುದು ಪೂರ್ತಿ ಉತ್ತರ. ಹಿಂದೆ ತುಂಬಬೇಕಾಗಿದ್ದ ನಿರ್ಗಮನ ಚೀಟಿಯನ್ನು ಭಾರತೀಯರಿಗೆ 2017ರ ಜುಲೈಯಿಂದ ತೆಗೆದುಹಾಕಿದ್ದಾರೆ, ಆದ್ದರಿಂದ ಅದನ್ನು ತುಂಬಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಪದೇಪದೇ ಹೋಗಿಬರುವವರು ವೇಗದ ಇಮಿಗ್ರೇಷನ್ ಯೋಜನೆಗೆ ಮೊದಲೇ ನೋಂದಾಯಿಸಿಕೊಳ್ಳಬಹುದು. ಅದು 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ.

ಭದ್ರತಾ ತಪಾಸಣೆಯಲ್ಲಿ ಫೋನ್, ಲ್ಯಾಪ್‌ಟಾಪ್, ಚಾರ್ಜರ್, ಬೆಲ್ಟ್, ಪರ್ಸ್ ಎಲ್ಲವನ್ನೂ ಟ್ರೇಗೆ ಹಾಕಬೇಕು. ಹೆಂಗಸರನ್ನು ಪರದೆ ಕಟ್ಟಿದ ಜಾಗದಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಿಸುತ್ತಾರೆ. ಇಲ್ಲಿ ಹೆಚ್ಚು ಜನ ಮಾಡುವ ತಪ್ಪು ಹೊರಬಂದ ಮೇಲೆ: ಚೀಲ ಎತ್ತಿಕೊಂಡು ಟ್ರೇಯಲ್ಲಿ ಪಾಸ್‌ಪೋರ್ಟ್ ಅಥವಾ ಫೋನ್ ಬಿಟ್ಟು ನಡೆಯುತ್ತಾರೆ. ಚೀಲ, ಫೋನ್, ಪಾಸ್‌ಪೋರ್ಟ್ ಎಂದು ಬಾಯಲ್ಲಿ ಹೇಳಿಕೊಂಡೇ ಮುಂದೆ ಹೋಗಿ. ಖಾಲಿ ನೀರಿನ ಬಾಟಲಿಯನ್ನು ಒಳಗೆ ಒಯ್ಯಬಹುದು. ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿಗಳಿವೆ. ಚಪಾತಿ, ಕಡ್ಲೆಕಾಯಿ ಚಿಕ್ಕಿಯಂಥ ಒಣ ತಿನಿಸಿಗೆ ಅಡ್ಡಿಯಿಲ್ಲ.

ಗೇಟಿಗೆ ನಡೆಯುವ ದಾರಿ ಉದ್ದ. ಮಂಡಿನೋವಿರುವ ಹಿರಿಯರಿಗೆ ವೀಲ್‌ಚೇರ್ ಸೇವೆಯನ್ನು ಟಿಕೆಟ್‌ನೊಡನೆಯೇ, ಕನಿಷ್ಠ 48 ಗಂಟೆ ಮೊದಲು ಕೇಳಿಡಿ. ನಡೆಯಲು ಕಷ್ಟವಿದ್ದೂ ‘ನನಗೇನಾಗಿದೆ’ ಎಂದು ಅಭಿಮಾನದಿಂದ ಬೇಡವೆನ್ನುವ ಅಜ್ಜಂದಿರು ಅನೇಕರು. ವಿದೇಶಿ ನಿಲ್ದಾಣದಲ್ಲಿ ಗೇಟಿನವರೆಗೆ ಕರೆದೊಯ್ಯಲು ಒಬ್ಬರು ಜೊತೆಗಿರುತ್ತಾರೆ ಎಂದು ವಿವರಿಸಿದರೆ ಒಪ್ಪುತ್ತಾರೆ. ಗೇಟಿನ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು, ಹಾಗಾಗಿ ಫಲಕವನ್ನು ಆಗಾಗ ನೋಡುತ್ತಿರಿ.

ಊಟದ ಬಗ್ಗೆ ಒಂದು ಮಾತು. ಮಾಂಸ ತಿನ್ನದವರು ಟಿಕೆಟ್ ಮಾಡಿಸುವಾಗ ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂದು ಬರೆಸಬೇಕು. ‘ಹಿಂದೂ ಮೀಲ್’ ಎಂಬ ಹೆಸರು ನೋಡಿ ಅದನ್ನು ಆರಿಸಿದರೆ ಕೋಳಿ ಅಥವಾ ಕುರಿಮಾಂಸ ಬರಬಹುದು. ಅದರಲ್ಲಿ ದನದ ಮಾಂಸ ಇರುವುದಿಲ್ಲ ಎಂಬುದಷ್ಟೇ ಅದರ ಅರ್ಥ.

ನಡುದಾರಿಯಲ್ಲಿ ವಿಮಾನ ಬದಲಿಸುವಾಗ

ದುಬೈ, ದೋಹಾ, ಫ್ರಾಂಕ್‌ಫರ್ಟ್‌ಗಳಲ್ಲಿ ಇಳಿದ ಕೂಡಲೇ ಜನರ ಹಿಂದೆ ಹೊರಬಾಗಿಲಿಗೆ ಹೋಗಬೇಡಿ. ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂಬ ಫಲಕ ಹಿಡಿದು ನಡೆಯಿರಿ. ಅಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ಇರುತ್ತದೆ, ಕೈಯಲ್ಲಿರುವ ನೀರಿನ ಬಾಟಲಿ ಅಲ್ಲಿ ಖಾಲಿಯಾಗಬೇಕು. ಇಂಗ್ಲಿಷ್ ಬಾರದ ತಾಯಿತಂದೆಗೆ ಮಕ್ಕಳು ಒಂದು ಕಾರ್ಡ್ ಮಾಡಿಕೊಡಿ: ಒಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ‘ನಾನು ಈ ವಿಮಾನಕ್ಕೆ ಹೋಗಬೇಕು, ದಯವಿಟ್ಟು ಗೇಟ್ ತೋರಿಸಿ’ ಎಂದು ವಿಮಾನದ ಸಂಖ್ಯೆಯೊಡನೆ, ಇನ್ನೊಂದು ಬದಿಯಲ್ಲಿ ಅದೇ ಮಾತು ಕನ್ನಡದಲ್ಲಿ. ಫೋನಿನಲ್ಲಿ ಮಾತಾಡಿಸಿ ಅನುವಾದ ಮಾಡುವುದಕ್ಕಿಂತ ಈ ಕಾರ್ಡ್ ಬೇಗ ಕೆಲಸ ಮಾಡುತ್ತದೆ.

ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ಕೊಂಡರೆ ಹಣ ಉಳಿಯಬಹುದು; ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ, ಬ್ಯಾಗನ್ನೂ ಸಾಮಾನ್ಯವಾಗಿ ನಡುವೆ ಪಡೆದು ಮತ್ತೆ ಕೊಡಬೇಕಾಗುತ್ತದೆ, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ವಯಸ್ಸಾದವರನ್ನು ಹೀಗೆ ಕಳಿಸಬಾರದು. ಅಮೆರಿಕಕ್ಕೆ ಹೋಗುವವರು ಒಂದೇ ಟಿಕೆಟ್ ಇದ್ದರೂ ಆ ದೇಶದಲ್ಲಿ ಇಳಿಯುವ ಮೊದಲ ನಿಲ್ದಾಣದಲ್ಲಿ ತಮ್ಮ ಬ್ಯಾಗ್ ಪಡೆದು, ಕಸ್ಟಮ್ಸ್ ದಾಟಿಸಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು.

ತಿರುಗಿ ಬಂದಾಗ

ದೇವನಹಳ್ಳಿಯಲ್ಲಿ ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗ್ ಬರುವ ಪಟ್ಟೆ, ಕಸ್ಟಮ್ಸ್ ಎಂಬ ಕ್ರಮ. ಸುಂಕಕ್ಕೆ ಒಳಪಡುವ ವಸ್ತುವಿದ್ದರೆ ಕೆಂಪು ದಾರಿ, ಇಲ್ಲದವರಿಗೆ ಹಸಿರು ದಾರಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವ ಗಂಡಸರು 20 ಗ್ರಾಂ, ಹೆಂಗಸರು 40 ಗ್ರಾಂವರೆಗೆ ಚಿನ್ನದ ಒಡವೆಯನ್ನು ಸುಂಕವಿಲ್ಲದೆ ತರಬಹುದು. ನಾಣ್ಯ ಮತ್ತು ಗಟ್ಟಿಗೆ ಈ ವಿನಾಯಿತಿ ಇಲ್ಲ. ಅಲ್ಲಿಯ ಪರಿಚಯಸ್ಥರು ‘ನಮ್ಮ ಮನೆಗೆ ತಲುಪಿಸಿ’ ಎಂದು ಕೊಡುವ ಚಿನ್ನವನ್ನು ಖಂಡಿತ ಒಪ್ಪಿಕೊಳ್ಳಬೇಡಿ.

ಬ್ಯಾಗ್ ಬರದಿದ್ದರೆ ಅಥವಾ ಒಡೆದು ಬಂದರೆ ಆ ಸಭಾಂಗಣವನ್ನು ಬಿಟ್ಟು ಹೊರಗೆ ಬರಬಾರದು. ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿಗೆ ಹೋಗಿ, ಹೊರಡುವಾಗ ಇಟ್ಟುಕೊಂಡ ಚೀಟಿಯ ತುಂಡನ್ನು ತೋರಿಸಿ ದೂರು ಬರೆಸಿ, ಅದರ ಸಂಖ್ಯೆಯಿರುವ ಪ್ರತಿ ಪಡೆಯಿರಿ. ಬ್ಯಾಗಿನ ಹೊರಗಡೆಯ ಚಿತ್ರವೊಂದನ್ನು ಪ್ರಯಾಣಕ್ಕೆ ಮುಂಚೆಯೇ ಫೋನಿನಲ್ಲಿ ತೆಗೆದಿಟ್ಟಿದ್ದರೆ ವಿವರಿಸುವುದು ಸುಲಭ. ವಿಮಾನ ಕಂಪನಿಗಳ ಹೊಣೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಕಂಪನಿಗೆ ಲಿಖಿತ ದೂರು ಸಲ್ಲಬೇಕು. ಬೋರ್ಡಿಂಗ್ ಪಾಸ್ ಮತ್ತು ಆ ಚೀಟಿಯನ್ನು ಮನೆಗೆ ಬಂದ ಕೂಡಲೇ ಬಿಸಾಡದೆ, ಬ್ಯಾಗಿನ ಸಾಮಾನೆಲ್ಲ ಸರಿಯಾಗಿದೆಯೆಂದು ನೋಡಿಕೊಳ್ಳುವ ತನಕ ಫೋಲ್ಡರಿನಲ್ಲೇ ಇಟ್ಟಿರಿ.